ನೆಲ ಕಾಣದ ಕೋಲು

ಕೋಲು ಹಗುರಾಗಿದೆ. ಪುತ್ತರಿಗೆ ಇನ್ನು ಮೂರೇ ದಿನ ಇತ್ತು. ಬೆಳಿಗ್ಗೆ ಮಂಚದ ಮೇಲೆ ಕೂತು ಹಾಲಿಲ್ಲದ ಕಟ್ಟಂಚಾಯ ಆರಲಿ ಎಂದು ಕಾಯುತ್ತಿದ್ದ ಚಾತನಿಗೆ ಇದ್ದಕ್ಕಿದ್ದಂತೆ ಹಾಗನ್ನಿಸಿತು. ಬಲಗೈಯಲ್ಲಿ ಎತ್ತಿ ನೋಡಿದ. ಎಡಗೈಗೆ ಬದಲಿಸಿದ. ಮತ್ತೆ ಬಲಗೈಗೆ ತಂದ. ಒಂಬತ್ತು ದಿನ ಆಸ್ಪತ್ರೆಯ ಗಂಜಿ ಕುಡಿದು ಸೊರಗಿದ ಕೈಗೆ ಕೋಲು ಭಾರವಾಗಬೇಕಿತ್ತಲ್ಲ, ಹಗುರಾಗುವುದು ಅಂದರೇನು? ಒಲೆಯ ಮುಂದೆ ಕೂತಿದ್ದ ಸೊಸೆ ಅಮ್ಮಿಣಿಯ ಬೆನ್ನನ್ನು ನೋಡಿದ. ಬೆನ್ನು ಏನೂ ಹೇಳಲಿಲ್ಲ. ಬೆನ್ನು ಕೊಟ್ಟು ಕೂತವರನ್ನು ಅವನು ಈಗೀಗ ನಂಬುತ್ತಿರಲಿಲ್ಲ. ಮುಖ ಕೊಟ್ಟು ಕೂತವರನ್ನಂತೂ ಮೊದಲಿನಿಂದಲೂ ನಂಬಿದವನಲ್ಲ. ಎರಡನೇ ಬೆಳ್ಳಿ ಕಟ್ಟಿನ ಕೆಳಗೆ ಹೆಬ್ಬೆರಳಾಡಿಸಿದ. ಅಲ್ಲೊಂದು ಕಚ್ಚು ಇರಬೇಕು. ಇತ್ತು. ಆದರೆ ನಲವತ್ತೆರಡು ವರ್ಷ ಅವನ ಹೆಬ್ಬೆರಳು ಉಜ್ಜಿ ಉಜ್ಜಿ ಆ ಕಚ್ಚಿನ ಅಂಚು ನುಣ್ಣಗಾಗಿತ್ತು, ಈಗ ಅದು ಚರ್ಮಕ್ಕೆ ತಾಗಿತು, ಸಣ್ಣಗೆ ಗೀರುವಷ್ಟು. ಆಸ್ಪತ್ರೆಯಲ್ಲಿ ನಿನ್ನ ಹೆಬ್ಬೆರಳೇ ಮೆತ್ತಗಾಯಿತೇನೋ ಮುದುಕಾ ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ಚಾಯ ಪೂರಾ ಆರಿಹೋಗಿತ್ತು.

ಏಳು ಪಾಡಿಯ ಅರಸು ಅವನು. ಒಂದೊಂದು ಪಾಡಿಯಲ್ಲಿ ಹತ್ತೋ ಹದಿನೈದೋ ಮನೆ, ಚೇಕಾಡಿಯ ಗದ್ದೆಬಯಲಿನ ಅಂಚಿನಿಂದ ಹಿಡಿದು ಕಾಡಿನೊಳಗಿನ ತೊರೆಯವರೆಗೆ. ಸರ್ಕಾರದ ಕಾಗದದಲ್ಲಿ ಅವನು ಬರಿ ಮೂಪ್ಪನ್, ಊರಿನ ಹಿರಿಯ. ಆಸ್ಪತ್ರೆಯ ಚೀಟಿಯಲ್ಲಿ ಅದೂ ಇಲ್ಲ, ಚಾತನ್, ಎಪ್ಪತ್ತಾರು, ಗಂಡು. ಪಾಡಿಯವರ ಬಾಯಲ್ಲಿ ಮಾತ್ರ ಇನ್ನೂ ಅರಸು. ಈ ಅರಸಿಗೆ ಕಿರೀಟವಿಲ್ಲ, ಅರಮನೆಯಿಲ್ಲ, ಇರುವುದು ಈ ಬೆತ್ತದ ಕೋಲೊಂದೇ, ಅದಕ್ಕೆ ಮೂರು ಬೆಳ್ಳಿ ಕಟ್ಟು, ತುದಿಗೆ ಜೇನುಮೇಣ. ಕೋಲನ್ನು ಹಿಡಿಯಬೇಕು, ಊರಬಾರದು. ಅರಸು ಅದನ್ನು ನೆಲಕ್ಕೆ ಊರಿದ್ದನ್ನು ಅವನ ರಕ್ತದವನೊಬ್ಬ ಕಂಡು, ಪಾಡಿಯವರ ಮುಂದೆ ‘ಕೋಲು ನೆಲ ಕಂಡಿತು’ ಎಂದು ಮೂರೇ ಮೂರು ಮಾತು ಹೇಳಿದರೆ ಸಾಕು, ಅಲ್ಲಿಗೆ ಅರಸುತನ ಮುಗಿಯಿತು. ಹೇಳಿದವನ ಕೈಗೆ ಕೋಲು. ಬಿಟ್ಟುಕೊಟ್ಟವನು ಆಮೇಲೆ ಯಾರೂ ಅಲ್ಲ. ಅರಸಾಗಿ ಸತ್ತವರನ್ನು ಬಯಲಿನಾಚೆ ಕಾಸರಕದ ಮರದಡಿ, ದೈವದ ಕಲ್ಲಿನ ಹಿಂದೆ, ಸಾಲಾಗಿ ಮಣ್ಣು ಮಾಡಿದ್ದಾರೆ. ಅಪ್ಪ ಅಲ್ಲಿದ್ದಾನೆ, ಅಜ್ಜ ಅಲ್ಲಿದ್ದಾನೆ. ಅಪ್ಪನ ಪಕ್ಕದಲ್ಲಿ ಒಂದು ಜಾಗ ಖಾಲಿ ಇದೆ, ಅದು ಅಣ್ಣ ಕುಳ್ಳನದಾಗಬೇಕಿತ್ತು. ಅದರ ಪಕ್ಕದ್ದು ತನ್ನದು ಎಂದು ಚಾತನ್ ಯಾವಾಗಲೋ ಕಣ್ಣಲ್ಲೇ ಅಳೆದು ಇಟ್ಟುಕೊಂಡಿದ್ದ. ಆದರೆ ಈಗ ಎರಡು ಕಾಲೂ ಬಾತು ಹಲಸಿನ ಕಾಯಂತಾಗಿವೆ, ಮೊಣಕಾಲು ಹೇಳಿದ ಮಾತು ಕೇಳುತ್ತಿಲ್ಲ. ಪುತ್ತರಿಯ ದಿನ ಅರಸು ತನ್ನ ಮನೆಯಿಂದ ದೈವದ ಕಲ್ಲಿನವರೆಗೆ, ಗದ್ದೆಯ ಬದುವಿನ ಮೇಲೆ, ಕೋಲು ಹಿಡಿದು ತಾನೇ ನಡೆಯಬೇಕು. ಅಲ್ಲಿ ಕೋಲೆತ್ತಿ ನಾಲ್ಕು ದಿಕ್ಕಿಗೂ ತೋರಿಸಿದ ಮೇಲೆಯೇ ಹೊಸ ಭತ್ತದ ಮೊದಲ ತೆನೆ ಕುಯ್ಯುವುದು. ಇನ್ನೂರು ಹೆಜ್ಜೆಯಾದೀತು. ಇನ್ನೂರು ಹೆಜ್ಜೆಯಲ್ಲಿ ಒಂದೇ ಒಂದು ತಪ್ಪಿದರೂ ನೋಡಲು ಏಳು ಪಾಡಿಯ ಕಣ್ಣಿರುತ್ತದೆ.

ಇನ್ನೂ ಹೇಳಬೇಕೆಂದರೆ, ಅವನು ಆಗಲೇ ಊರಿಬಿಟ್ಟಿದ್ದ. ಇದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವೇ? ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಹೋಗಬೇಕಾಗಿ ಎದ್ದವನಿಗೆ ಮಂಚದಿಂದ ಬಾಗಿಲಿನವರೆಗಿನ ಆರು ಹೆಜ್ಜೆ ಆರು ಮೈಲಿಯಾಯಿತು. ಮೂರನೇ ಹೆಜ್ಜೆಗೆ ಕಾಲು ಮಡಚಿತು. ಕೈ ತಾನಾಗಿ ಇಳಿಯಿತು, ಕೋಲು ಸಿಮೆಂಟಿನ ನೆಲಕ್ಕೆ ತಾಗಿ ಟಕ್ ಎಂದಿತು. ಅಬ್ಬಾ, ಆ ಸದ್ದು! ದೇಹದ ಭಾರವೆಲ್ಲ ಕೋಲಿನೊಳಗೆ ಇಳಿದುಹೋದ ಸುಖಕ್ಕೆ ಕಣ್ಣು ಮುಚ್ಚಿತು. ಕಣ್ಣು ತೆರೆದಾಗ ಅಮ್ಮಿಣಿ ಒಲೆ ಊದುತ್ತಿದ್ದಳು. ತಿರುಗಿ ನೋಡಿರಲಿಲ್ಲ. ಆದರೆ ಊದುವುದನ್ನು ಒಂದು ಗಳಿಗೆ ನಿಲ್ಲಿಸಿದ್ದಳು, ಅದನ್ನು ಅವನು ಕೇಳಿಸಿಕೊಂಡಿದ್ದ. ಅವಳು ಸೊಸೆ, ರಕ್ತದವಳಲ್ಲ, ಅವಳ ಮಾತು ಮಾತಾಗುವುದಿಲ್ಲ. ಆದರೆ ಬಾಯಿ ಇದೆಯಲ್ಲ. ಬಾಯಿ ಇದ್ದವರು ಕಿವಿ ಇದ್ದವರಿಗೆ ಹೇಳುತ್ತಾರೆ. ಕಿವಿ ಇದ್ದವನು ಕೊಳವಳ್ಳಿಯಲ್ಲಿದ್ದಾನೆ, ಕುಳ್ಳನ ಮಗ ಬೊಮ್ಮನ್. ಕಬಿನಿಯ ದಡದಲ್ಲಿ ಗೌಡರ ಹೊಲದ ಕೆಲಸ ಮಾಡಿಕೊಂಡು ನಲವತ್ತೆರಡು ವರ್ಷದಿಂದ ಕಾಯುತ್ತಿದ್ದಾನೆ. ಆ ಬೆಳಿಗ್ಗೆಯ ನಂತರ ಚಾತನ್ ಇನ್ನೂ ನಾಲ್ಕು ಸಲ ಊರಿದ್ದ. ಪ್ರತಿ ಸಲವೂ ಮೊದಲು ಅತ್ತಿತ್ತ ನೋಡಿ, ಆಮೇಲೆ ಊರಿ, ಆಮೇಲೆ ಮತ್ತೆ ನೋಡಿದ್ದ.

“ಮಾವ, ಗುಳಿಗೆ ನುಂಗಿ,” ಎಂದು ಅಮ್ಮಿಣಿ ಅಂಗೈ ಚಾಚಿದಳು. ಒಂದು ಬಿಳಿ, ಒಂದು ಗುಲಾಬಿ, ಒಂದು ಅರ್ಧ ಮುರಿದದ್ದು.

“ಅರ್ಧ ಎಂತಕ್ಕೆ? ಇನ್ನರ್ಧ ಎಲ್ಲಿ?”

“ಸಂಜೆಗೆ ಇದ್ದಲ್ಲ ಮಾವ. ಡಾಕ್ಟರ್ ಹಂಗೇ ಹೇಳಿದ್ದು.”

“ನಿನ್ನೆ ಗುಲಾಬಿ ಇರಲಿಲ್ಲೆ.”

“ಅಯ್ಯೋ, ಇತ್ತು. ನಿನ್ನೆಯೂ ಇದೇ ಕೇಳಿದ್ರಿ.”

ಅವನು ಮೂರನ್ನೂ ಬಾಯಿಗೆ ಹಾಕಿ, ನೀರು ಕುಡಿದು, ನಾಲಿಗೆಯಡಿಗೆ ತಳ್ಳಿ, ಅವಳು ಅತ್ತ ಹೋದ ಮೇಲೆ ಕಿಟಕಿಯಾಚೆಯ ಗಾಂಧಾರಿ ಮೆಣಸಿನ ಗಿಡದ ಬುಡಕ್ಕೆ ಉಗಿದ. ಮದ್ದು ಅಂದರೆ ಮದ್ದೇ. ಗುಣ ಮಾಡುವುದಕ್ಕೆ ಕೊಡುವುದೂ ಮದ್ದು, ಅನ್ನದಲ್ಲಿ ಕಲಸಿ ಆಳನ್ನು ಒಣಗಿಸುವುದಕ್ಕೆ ಹಾಕುವುದೂ ಮದ್ದು. ಹೆಸರೇ ಒಂದಾದ ಮೇಲೆ ಕೊಡುವ ಕೈಯನ್ನು ನೋಡಬೇಕಲ್ಲದೆ ಇನ್ನೇನನ್ನು ನೋಡುವುದು? ಅಮ್ಮಿಣಿಯ ಕೈ ಒಳ್ಳೆಯ ಕೈಯೇ. ಆಸ್ಪತ್ರೆಯಲ್ಲಿ ಅವನ ಬಾಟಲಿಯನ್ನು ಅವಳೇ ತೆಗೆದು ಚೆಲ್ಲುತ್ತಿದ್ದಳು, ಮುಖ ಸಿಂಡರಿಸಿದವಳಲ್ಲ. ಪ್ಲಾಸ್ಟಿಕ್ಕಿನ ಬಾಟಲಿ, ಉದ್ದ ಕತ್ತಿನದು, ಅರಸು ಅದರೊಳಗೆ ಉಚ್ಚೆ ಹೊಯ್ಯಬೇಕು, ಸೊಸೆ ಬೇರೆ ಕಡೆ ತಿರುಗಿ ನಿಲ್ಲಬೇಕು. ಅಲ್ಲಿ ಯಾರೋ ಒಬ್ಬಳು ಅವನ ಕೋಲಿನ ಮೇಲೆ ಒದ್ದೆ ಟವೆಲ್ ಒಣಗಿಸಿದ್ದಳು. ಅವನು ಕೂಗಿದ್ದ, ಬಂದ ನರ್ಸು “ಎಂದಾ ಅಚ್ಚಾಚ್ಚಾ, ವೇದನೆಯಾ?” ಎಂದು ಮಗುವಿಗೆ ಕೇಳುವ ಹಾಗೆ ಕೇಳಿ ಗಲ್ಲ ಮುಟ್ಟಿದ್ದಳು. ಏನಜ್ಜಾ, ನೋವೇ ಅಂತೆ. ಹೌದು, ನೋವೇ. ಮೆಣಸಿನ ಗಿಡ ಮಾತ್ರ ಈಚೆಗೆ ತುಂಬ ಕಾಯಿ ಬಿಟ್ಟಿತ್ತು.

ಹತ್ತು ಗಂಟೆಯ ಹೊತ್ತಿಗೆ ಪ್ರೊಮೋಟರ್ ರೀನ ಬಂದಳು. ಪಾಡಿಯದೇ ಹುಡುಗಿ, ಈಗ ಸರ್ಕಾರದ ಕಡೆಯಿಂದ ಪಾಡಿ ಪಾಡಿ ಸುತ್ತಿ ಯಾರಿಗೆ ಪೆನ್ಷನ್, ಯಾರಿಗೆ ಇಂಜೆಕ್ಷನ್ ಎಂದು ಬರೆದುಕೊಂಡು ಹೋಗುವವಳು. ಆಟೋದಿಂದ ಎಂಥದೋ ಸ್ಟೀಲಿನ ಚೌಕಟ್ಟನ್ನು ಇಳಿಸಿ ತಂದು ಅವನ ಮುಂದೆ ನಿಲ್ಲಿಸಿದಳು. ಅದಕ್ಕೆ ನಾಲ್ಕು ಕಾಲು, ಕಾಲಿಗೆ ರಬ್ಬರಿನ ಬಿಲ್ಲೆ.

“ಮೂಪ್ಪಾ, ಇದು ವಾಕರ್. ಹಿಡ್ಕಂಡು ನಡಿಬೌದು. ಪಿನ್ನೆ ಬೀಳೂದಿಲ್ಲೆ.”

“ನಾ ಬಿದ್ದೆ ಅಂತ ಯಾರು ಹೇಳಿದ್ದು ನಿಂಗೆ?”

“ಯಾರೂ ಹೇಳಿಲ್ಲೆ. ಬೀಳದೆ ಇರ್ಲಿ ಅಂತ.”

“ನೀನು ಬೀಳ್ತಿಯ ಅಂತ ನಿಂಗೆ ಯಾರಾದ್ರೂ ನಾಲ್ಕು ಕಾಲು ತಂದು ಕೊಟ್ಟಿದ್ದುಂಟಾ? ಎರಡು ಕಾಲಿನ ಅರಸು ಸಾಕಾಗಿಲ್ಲೆಯಾ ನಿಮಗೆ?”

ರೀನ ನಕ್ಕಳು. ಅಮ್ಮಿಣಿಯೂ ಸೆರಗು ಅಡ್ಡ ಹಿಡಿದು ನಕ್ಕಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡದ್ದನ್ನು ಚಾತನ್ ನೋಡಿದ. ರೀನ ಹೊರಡುವಾಗ ಅವನ ಕೋಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ, “ಚೆನ್ನಾಗಿ ಬಂದಿದೆ ಅಲ್ವಾ ಚೇಚಿ,” ಎಂದು ಅಮ್ಮಿಣಿಗೆ ಮೆಲ್ಲಗೆ ಹೇಳಿದ್ದೂ ಕಿವಿಗೆ ಬಿತ್ತು. ಏನು ಚೆನ್ನಾಗಿ ಬಂದದ್ದು? ಮೆಣಸಿನ ಗಿಡವೇ? ವಾಕರ್ ಮೂಲೆಯಲ್ಲಿ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಅಮ್ಮಿಣಿ ಅದರ ಮೇಲೆ ಒಗೆದ ಲುಂಗಿ ಹರವಿದಳು.

ಊಟವಾದ ಮೇಲೆ ಅವನಿಗೆ ಜೊಂಪು ಹತ್ತಿದೆ ಎಂದುಕೊಂಡು ಅವಳು ಹಿತ್ತಿಲ ಕಟ್ಟೆಯ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದಳು. ಮಗ ಸಜೀವನ್ ಮುತ್ತಂಗದ ಕಡೆ ಕಾಡಿನ ವಾಚರು, ಆನೆ ಇಳಿಯುವ ಕಾಲವಾದ್ದರಿಂದ ಹದಿನೈದು ದಿನದಿಂದ ಮನೆಗೆ ಬಂದಿರಲಿಲ್ಲ. ಚಾತನ್ ಕಣ್ಣು ಮುಚ್ಚಿ ಉಸಿರನ್ನು ನಿದ್ದೆಯ ಉಸಿರು ಮಾಡಿಕೊಂಡು ಕೇಳಿಸಿಕೊಂಡ. ಅವಳು ಗಂಡನ ಹತ್ತಿರ ಯಾವಾಗಲೂ ಅರ್ಧ ಮಲಯಾಳ ಅರ್ಧ ಪಾಡಿಯ ಮಾತು ಆಡುತ್ತಾಳೆ. “ಇಲ್ಲೆ, ಮಾವಂಗೆ ಗೊತ್ತಾಗಿಲ್ಲೆ... ವಡಿ ಮಾರಿ ಅಂತ ಆರಿಗೂ ಗೊತ್ತಿಲ್ಲೆ... ರೀನಂಗೆ ಮಾತ್ರ... ಬೊಮ್ಮಣ್ಣನ ಕೈಲೇ ಇದೆ, ಭದ್ರ ಇದೆ... ಪುತ್ತರಿಗೆ ಬತ್ತಾರೆ.” ಆಮೇಲೆ ಸಣ್ಣಗೆ ಮೂಗು ಒರೆಸಿದ ಸದ್ದು. ಚಾತನ ಉಸಿರು ನಿದ್ದೆಯ ಉಸಿರಾಗಿ ಉಳಿಯಲಿಲ್ಲ. ವಡಿ ಅಂದರೆ ಕೋಲು. ವಡಿ ಮಾರಿ. ಕೋಲು ಮಾರಿ! ಮಾರಿದ್ದಾರೆ. ಏಳು ತಲೆಮಾರು ನೆಲ ಕಾಣದ ಕೋಲನ್ನು, ಆಡಿನ ಮರಿಯನ್ನು ಮಾರಿದ ಹಾಗೆ ಮಾರಿದ್ದಾರೆ, ಅದೂ ಯಾರಿಗೆ, ಬೊಮ್ಮನಿಗೆ. ಹೆತ್ತ ಮಗನೂ ಸೇರಿಕೊಂಡಿದ್ದಾನೆ. ಹಾಗಾದರೆ ನನ್ನ ಹೆಬ್ಬೆರಳು ಸುಳ್ಳು ಹೇಳಿರಲಿಲ್ಲ ಎಂದುಕೊಂಡ. ಎದ್ದು ಕೂಗಬೇಕೆನಿಸಿತು, ಎದ್ದರೆ ಏನನ್ನು ಹಿಡಿದು ಏಳುವುದು ಎಂದು ಅಲ್ಲೇ ಬಿದ್ದುಕೊಂಡ.

ಮರುದಿನ ಅಮ್ಮಿಣಿ ತೊಳಿಲುರಪ್ಪಿನ, ಅಂದರೆ ಉದ್ಯೋಗ ಖಾತ್ರಿಯ ಕೆಲಸಕ್ಕೆ, ಆನೆಗಂದಕದ ಹುಲ್ಲು ಕೀಳಲು, ಉಳಿದ ಹೆಂಗಸರ ಜೊತೆ ಹೋದಾಗ ಅವನು ಕೋಲನ್ನು ಬೆಳಕಿಗೆ ಹಿಡಿದ. ಪೀಚುಗತ್ತಿಯ ತುದಿಯಿಂದ ಕಟ್ಟನ್ನು ಕೆರೆದ. ಬೆಳ್ಳಿಯಲ್ಲ, ಅಲ್ಯುಮಿನಿಯಮ್ಮು. ಯಾವುದೋ ಸವೆದ ಪಾತ್ರೆಯ ಅಂಚು. ಆದರೆ ಮಾಡಿದ ಕೈ ಸಾಮಾನ್ಯದ್ದಲ್ಲ. ಬೆತ್ತದ ಗೆಣ್ಣು ಗೆಣ್ಣಿಗೂ ಸರಿ ಹೊಂದಿಸಿ, ಹೊಗೆಗೆ ಹಿಡಿದು ಹಳೆಯ ಬಣ್ಣ ಬರಿಸಿ, ಆ ಕಚ್ಚನ್ನು ಕೂಡ ಇದ್ದಲ್ಲೇ ಕೊರೆದಿದ್ದರು. ಕಚ್ಚು ಎಲ್ಲಿದೆ ಎಂದು ಯಾರಿಗೆ ಗೊತ್ತು? ಅವನಿಗೆ, ಸಜೀವನಿಗೆ. ಮತ್ತೆ, ಏಳು ವರ್ಷದವನಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಅದರಲ್ಲಿ ಉಗುರು ತೂರಿಸಿ ಆಡುತ್ತಿದ್ದ ಬೊಮ್ಮನಿಗೆ. ಒಂದು ಕ್ಷಣ ಚಾತನಿಗೆ ಬೇರೊಂದು ಹೊಳೆದು ನಗು ಉಕ್ಕಿ ಬಂತು. ಇದು ಕೋಲೇ ಅಲ್ಲವಾದರೆ ತಾನು ಊರಿದ್ದು ಕೋಲನ್ನಲ್ಲ! ಐದು ಸಲ ಊರಿದ್ದೂ ಬರಿ ಬೆತ್ತವನ್ನು! ಹೆದರಿ ಹೆದರಿ ಅತ್ತಿತ್ತ ನೋಡಿದ್ದೆಲ್ಲ ಒಂದು ಸೌದೆಯ ತುಂಡಿಗಾಗಿ! ನಗುತ್ತಾ ನಗುತ್ತಾ ಅವನಿಗೆ ಯಾರೋ ಹಿಂದೆ ನಿಂತ ಹಾಗಾಯಿತು. ತಿರುಗಿದರೆ ಯಾರೂ ಇಲ್ಲ, ವಾಕರ್ ಇತ್ತು, ಲುಂಗಿ ಹೊದ್ದುಕೊಂಡು.

ಬರಿ ಬೆತ್ತ. ನಲವತ್ತೆರಡು ವರ್ಷದ ಹಿಂದಿನ ಆ ಬೆಳಿಗ್ಗೆ ಮಂಜು ಇನ್ನೂ ತೊರೆಯ ಮೇಲಿಂದ ಎದ್ದಿರಲಿಲ್ಲ, ಚಾತನಿಗೆ ಮೂವತ್ತನಾಲ್ಕು, ಕಾಲು ಕಲ್ಲಿನ ಹಾಗಿತ್ತು. ಕುಳ್ಳಣ್ಣ ಹಿಂದಿನ ಬೇಸಿಗೆಯಲ್ಲಿ ಜೇನಿಗೆ ಹತ್ತಿದ್ದ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ, ಆದರೂ ಅರಸು. ಅವನ ಗುಡಿಸಲಿನ ಮುಂದೆ ಹಾದುಬಂದಾಗ ಬಾಗಿಲು ತೆರೆದಿತ್ತು. ಒಳಗೆ ಗೂಟಕ್ಕೆ ಕೋಲು ತೂಗುತ್ತಿತ್ತು, ಮೂರು ಕಟ್ಟಿನ ಮೇಲೂ ಒಲೆಯ ಬೆಳಕು ಬಿದ್ದಿತ್ತು. ನೋಡಿದ, ಮುಂದೆ ನಡೆದ. ತೊರೆಯ ಹತ್ತಿರ ಕುಳ್ಳಣ್ಣ ಒಂದು ಹಸಿ ಬೆತ್ತ ಊರಿಕೊಂಡು, ತುಟಿ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ಮೇಲೆ ಬರುತ್ತಿದ್ದ. ತಮ್ಮನನ್ನು ಕಂಡು ನಾಚಿ ನಕ್ಕ. “ಯಾರಿಗೂ ಹೇಳಬೇಡ ಚಾತಾ,” ಎಂದ. ಅಷ್ಟೇ ಆದದ್ದು. ಅದೇ ವಾರ ಪುತ್ತರಿ. ಕಾಸರಕದಡಿ ಏಳು ಪಾಡಿಯೂ ಕೂತಿರುವಾಗ ಚಾತನ್ ಎದ್ದು ನಿಂತು, ತಾನು ಎದ್ದು ನಿಂತದ್ದು ತನಗೇ ಆಶ್ಚರ್ಯವಾಗುತ್ತಿರುವಾಗಲೇ, ಮೂರು ಮಾತು ಹೇಳಿಬಿಟ್ಟ. ಕುಳ್ಳಣ್ಣ ಕೇಳಿದ್ದು ಒಂದೇ, “ನಿನ್ನ ಕಣ್ಣಲ್ಲಿ ಕಂಡೆಯಾ?” “ಕಂಡೆ.” ಕಂಡದ್ದು ಸುಳ್ಳಲ್ಲ. ಕಂಡದ್ದು ಕೋಲಲ್ಲ, ಅಷ್ಟೆ. ನಲವತ್ತೆರಡು ವರ್ಷ ಈ ಒಂದು ಸಂದಿನಲ್ಲಿ ಅವನು ಅಡಗಿಕೊಂಡು ಕೂತಿದ್ದ. ಅದು ಬರಿ ಬೆತ್ತ ಎಂದು ಕುಳ್ಳಣ್ಣ ಅನ್ನಬಹುದಿತ್ತಲ್ಲ? ಅನ್ನಲಿಲ್ಲ. ರಕ್ತದವನು ಕಂಡೆ ಎಂದ ಮೇಲೆ ಎದುರು ಮಾತಿಲ್ಲ ಎಂಬುದು ಕಟ್ಟಳೆ, ಆದರೆ ಅವನು ಸುಮ್ಮನಿದ್ದದ್ದು ಕಟ್ಟಳೆಗಲ್ಲ, ತಮ್ಮನ ಮುಖ ನೋಡಿ. ಕೋಲು ಕೊಟ್ಟು, ಹೆಂಡತಿ ಮಗನನ್ನು ಕರೆದುಕೊಂಡು ಕೊಳವಳ್ಳಿಗೆ ಹೋದವನು ಎರಡು ವರ್ಷಕ್ಕೆ ಅಲ್ಲೇ ತೀರಿಕೊಂಡ. ಹೊಳೆಯ ದಡದಲ್ಲಿ ಎಲ್ಲಿ ಮಣ್ಣು ಮಾಡಿದರೆಂದು ಚಾತನ್ ಕೇಳಲೂ ಇಲ್ಲ. ಹೊರಡುವ ದಿನ ಅಮ್ಮನ ಸೆರಗು ಹಿಡಿದು ನಿಂತ ಬೊಮ್ಮನ್ ಚಿಕ್ಕಪ್ಪನನ್ನು ಕಣ್ಣು ಮಿಟುಕಿಸದೆ ನೋಡಿದ್ದ. ಆಮೇಲೆ ಬೆಳೆದು ದೊಡ್ಡವನಾಗಿ ಪ್ರತಿ ಪುತ್ತರಿಗೂ ಬರುತ್ತಾನೆ, ದೂರ ಕೂರುತ್ತಾನೆ, ಹೊಸ ಅಕ್ಕಿಯ ಅನ್ನ ಉಣ್ಣುತ್ತಾನೆ, ಹೋಗುತ್ತಾನೆ. ಒಂದು ದಿನ ಒಂದು ಮಾತು ಎತ್ತಿದವನಲ್ಲ. ಸಿಟ್ಟು ತೋರಿಸಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಸಂಜೆ ಅಮ್ಮಿಣಿ ಬಂದು ಕಾಲು ತೊಳೆಯುತ್ತಿದ್ದಾಗ ಅವನು ಏನೂ ಗೊತ್ತಿಲ್ಲದವನಂತೆ ಕೇಳಿದ. “ಈ ಸಲ ಬೊಮ್ಮನ್ ಬತ್ತಾನಾ?”

“ಬತ್ತಾರೆ ಮಾವ. ನಾನೇ ಫೋನ್ ಮಾಡಿ ಹೇಳಿದೆ, ಬೇಗ ಬನ್ನಿ ಅಂತ.”

“ಎಂತಕ್ಕೆ ಬೇಗ?”

ಅವಳು ಚೊಂಬನ್ನು ಕೆಳಗಿಟ್ಟು ಅವನ ಕಾಲನ್ನೇ ನೋಡಿದಳು. “ನಡಿಯೋದಕ್ಕೆ ಆಗ್ತದಾ ಮಾವ ನಿಮಗೆ? ನಿಜ ಹೇಳಿ.”

ಆಹಾ, ಎಷ್ಟು ನಯ! ನಿಜ ಹೇಳಬೇಕಂತೆ, ಯಾರು ಯಾರಿಗೆ? “ನನಗೆ ಎಂತ ಆಗಿದೆ? ಈ ಕೋಲು ಕೈಲಿರೋವರೆಗೆ ಚಾತನ್ ನಡೀತಾನೆ,” ಎಂದು ಕೋಲನ್ನು ಅವಳ ಮುಖದ ಮುಂದೆ ಆಡಿಸಿದ. ಅವಳ ಕಣ್ಣು ಅಲುಗಾಡುತ್ತದೆಯೇ ಎಂದು ನೋಡಿದ. ಅಲುಗಾಡಿತು. ಅವಳು ಎದ್ದು ಒಳಗೆ ಹೋಗಿ ಗಂಜಿಗೆ ಇಟ್ಟಳು. ಈಗ ಕೂಗಿ ಹೇಳಿದರೆ? ಇದು ಕೋಲಲ್ಲ, ನನ್ನ ಕೋಲನ್ನು ಮಾರಿದ್ದಾರೆ ಎಂದರೆ? ಕೋಲನ್ನು ಕಾಯಲಾಗದವನು ಎಂಥ ಅರಸು ಎನ್ನುತ್ತಾರೆ. ಸುಮ್ಮನಿದ್ದರೆ ಸುಳ್ಳು ಕೋಲನ್ನು ದೈವಕ್ಕೆ ತೋರಿಸಬೇಕು. ಯಾವ ಕಡೆ ತಿರುಗಿದರೂ ಬೊಮ್ಮನ್ ನಿಂತಿದ್ದ. ಆ ರಾತ್ರಿಯೂ ಮರುದಿನವೂ ಅವನು ಗಂಜಿಯನ್ನು ನೆಕ್ಕಿ ನೋಡಿ ನೋಡಿ ಉಂಡ.

ಪುತ್ತರಿಯ ಬೆಳಿಗ್ಗೆ ಬಯಲು ಪೂರಾ ಗಂಧಕಶಾಲೆ ಭತ್ತದ ವಾಸನೆ. ತೆನೆ ಬಾಗಿ ಬದುವಿನ ಮೇಲೆ ಬಿದ್ದಿತ್ತು. ಸಜೀವನ್ ನಸುಕಿಗೇ ಬಂದು ಅಪ್ಪನಿಗೆ ಬಿಳಿ ಮುಂಡು ಉಡಿಸಿದ. ಉಡಿಸುವಾಗ ಮಂಡಿಯೂರಿ ಕೂತು ಬಾತ ಕಾಲನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿದ. ಒತ್ತಿದ ಜಾಗ ಗುಳಿ ಬಿದ್ದು ಹಾಗೇ ಉಳಿಯಿತು. “ಅಪ್ಪಾ, ಗುಳಿಗೆ ತಿಂತಾ ಇದ್ದೀರಾ?” ಎಂದ. ಚಾತನ್ ಮೆಣಸಿನ ಗಿಡದ ಕಡೆ ನೋಡಲಿಲ್ಲ. ಏಳು ಪಾಡಿಯವರೂ ಅಂಗಳದಲ್ಲಿ ಸೇರಿದ್ದರು. ಮುದುಕ ರಾಜನ್ ತುಡಿಯನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡುತ್ತಿದ್ದ. ಹೆಂಗಸರು, ಮಕ್ಕಳು, ಎತ್ತಿ ಹಿಡಿದ ಫೋನುಗಳು. ಆಗಲೇ ಕೊಳವಳ್ಳಿ ಕಡೆಯ ಜೀಪು ಬಂದು ಬೊಮ್ಮನ್ ಇಳಿದ. ನಲವತ್ತೊಂಬತ್ತರ ಗಂಡಸು, ಕಿವಿಯ ಹತ್ತಿರ ನರೆ, ಅಪ್ಪನದೇ ಭುಜ. ಕೈಯಲ್ಲಿ ಉದ್ದನೆಯದೊಂದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದು. ತಂದೇಬಿಟ್ಟ! ಕೊಂಡ ಮಾಲನ್ನು ಸಂತೆಗೆ ತೋರಿಸಲು ತಂದಿದ್ದಾನೆ. ಅಮ್ಮಿಣಿ ಅವನ ಹತ್ತಿರ ಹೋಗಿ ಏನೋ ಹೇಳಿದಳು, ಬೊಮ್ಮನ್ ತಲೆಯಾಡಿಸಿದ.

ತುಡಿ ಶುರುವಾಯಿತು. ಚಾತನ್ ಹೊಸ್ತಿಲು ದಾಟಿದ. ಕೋಲನ್ನು ಎದೆಯ ಮಟ್ಟಕ್ಕೆ ಅಡ್ಡ ಹಿಡಿದು ಬದುವಿನ ಮೇಲೆ ಕಾಲಿಟ್ಟ. ಹತ್ತು, ಹನ್ನೊಂದು, ಹನ್ನೆರಡು. ಅರಸನ ಹಿಂದೆ ಐದು ಹೆಜ್ಜೆ ಬಿಟ್ಟು ಮಗ, ಅವನ ಹಿಂದೆ ಅಣ್ಣನ ಮಗ, ಆಮೇಲೆ ಎಲ್ಲರೂ, ಅದು ಕ್ರಮ. ಬೆನ್ನಿನಲ್ಲಿ ಕಣ್ಣಿಲ್ಲವಲ್ಲ ಎಂದು ಅವನಿಗೆ ಅಳು ಬಂತು. ಎಂಬತ್ತಕ್ಕೆ ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು. ನೂರ ಐವತ್ತು. ದೂರದಲ್ಲಿ ಕಾಸರಕದ ಮರ, ಅದರಡಿ ಅಪ್ಪ, ಅಜ್ಜ, ಖಾಲಿ ಜಾಗ. ಇನ್ನು ಐವತ್ತೇ ಐವತ್ತು ಹೆಜ್ಜೆ, ಆಮೇಲೆ ಬೇಕಾದರೆ ಅಲ್ಲೇ ಬಿದ್ದು ಸಾಯಬಹುದು, ಅರಸಾಗಿ. ಏಡಿ ಕೊರೆದ ಒಂದು ತೂತಿನ ಮೇಲೆ ಎಡಗಾಲು ಬಿತ್ತು. ಬದು ಕುಸಿಯಿತು. ಮೊಣಕಾಲು ಮಡಚಿತು. ಕೈ ತಾನಾಗಿ ಇಳಿಯಿತು, ಬೆತ್ತ ಗದ್ದೆಯ ಕೆಸರಿನಲ್ಲಿ ಗೇಣುದ್ದ ಹೂತು ನಿಂತಿತು, ಅವನ ಮೈಯೆಲ್ಲ ಅದರ ಮೇಲೆ.

ತುಡಿ ನಿಂತಿತು. ಚಾತನ್ ಬಗ್ಗಿದಲ್ಲೇ ಬಗ್ಗಿ ನಿಂತ. ಎಲ್ಲರ ಮುಖ ಬೊಮ್ಮನ ಕಡೆ ತಿರುಗಿದ್ದನ್ನು ತಿರುಗಿ ನೋಡದೆಯೇ ಅವನು ಬಲ್ಲ. ರಕ್ತದವರು ಇಬ್ಬರು, ಮಗ ಹೇಳುವುದಿಲ್ಲ, ಹೇಳುವುದಾದರೆ ಇವನೇ. ಹೇಳಲಿ, ಬೇಗ ಹೇಳಿ ಮುಗಿಸಲಿ, ಇವನಿಗಾಗಿಯೇ ಅಲ್ಲವೇ ಇಷ್ಟು ವರ್ಷ ನಿದ್ದೆಗೆಟ್ಟದ್ದು. ಬೊಮ್ಮನ್ ಮುಂದೆ ಬಂದು ಕೆಸರಿಗಿಳಿದು ಅವನ ಎದುರು ನಿಂತ.

“ಅದು ಕೋಲಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. “ಬರಿ ಬೆತ್ತ. ಚಿಕ್ಕಪ್ಪಂಗೆ ಮೈ ಹುಷಾರಿಲ್ಲೆ ಅಂತ ಮನೆಯವರು ಮಾಡಿಸಿ ಕೊಟ್ಟದ್ದು. ಕೋಲು ಇಲ್ಲಿ ಇದೆ, ನಮ್ಮನೇಲಿ ಇಟ್ಟಿದ್ದೆ.” ಸೀರೆಯ ಸುತ್ತು ಬಿಚ್ಚಿದ. ಮೂರು ಬೆಳ್ಳಿ ಕಟ್ಟಿಗೂ ಬಿಸಿಲು ತಾಗಿತು. “ನೋಡ್ಕಳಿ. ತುದಿಯ ಮೇಣ ಹಂಗೇ ಇದೆ.”

ಅಬ್ಬಾ ಎಂದು ಏಳು ಪಾಡಿಯೂ ಒಟ್ಟಿಗೆ ಉಸಿರು ಬಿಟ್ಟಿತು. ಯಾರೋ ನಕ್ಕರು. ಅಮ್ಮಿಣಿ ಬದುವಿನ ಮೇಲೆ ಓಡಿ ಬಂದಳು. “ನಾನೇ ಮಾವ, ತಪ್ಪು ನಂದೇ. ಆಸ್ಪತ್ರೇಲಿ ಇರುವಾಗಲೇ ಮಾರಿಸಿದ್ದು. ಹೇಳಿದ್ರೆ ನೀವು ಬೈತೀರಿ, ಆ ಬೆತ್ತ ಮುಟ್ಟೋದೂ ಇಲ್ಲೆ ಅಂತ...”

“ಮಾರಿಸಿದ್ದು?”

“ಹ್ಞೂ, ಬದಲು ಇಟ್ಟದ್ದು. ಅದು ತೆಗ್ದು ಇದು.”

ಮಾರಿ. ಮಲಯಾಳದ ಮಾರಿ. ಬದಲಾಯಿತು ಎನ್ನುವ ಮಾರಿ. ಹುಟ್ಟಿದಂದಿನಿಂದ ಕಿವಿಯ ಮೇಲೆ ಬಿದ್ದ ಮಾತು, ದಿನಕ್ಕೆ ಹತ್ತು ಸಲ ತಾನೇ ಆಡುವ ಮಾತು, ಜ್ವರ ಮಾರಿ, ಬಸ್ಸು ಮಾರಿ ಹತ್ತಿದ. ಆ ಮಧ್ಯಾಹ್ನ ಮಾತ್ರ ಅದು ಅವನ ಕಿವಿಯಲ್ಲಿ ಬೇರೆ ಮಾರಿಯಾಯಿತು, ಮಾರುವ ಮಾರಿ. ಯಾಕೆಂದರೆ ಅವನಿಗೆ ಅದೇ ಬೇಕಿತ್ತು. ಎಲ್ಲರೂ ತನ್ನಂಥವರೇ ಆಗಿರಬೇಕಿತ್ತು. ಥೂ ನಿನ್ನ ಎಂದು ತನ್ನನ್ನೇ ಬೈದುಕೊಂಡ. ಸಜೀವನ್ ಅವನ ತೋಳು ಹಿಡಿಯಲು ಬಂದ, ಚಾತನ್ ಬೇಡ ಎಂದು ತಲೆಯಾಡಿಸಿದ.

ಬೊಮ್ಮನ್ ಇನ್ನೂ ಹತ್ತಿರ ಬಂದು, ಕೆಸರಿನಲ್ಲಿ ಹೂತ ಬೆತ್ತವನ್ನು ಬಿಡಿಸಿಕೊಂಡು, ಕೋಲನ್ನು ಅವನ ಬಲಗೈಗೆ ಇಟ್ಟ. ಹೆಬ್ಬೆರಳು ತಾನಾಗಿ ಕಚ್ಚಿಗೆ ಹೋಯಿತು. ನುಣ್ಣಗಿತ್ತು. ಆಗ ಬೊಮ್ಮನ್ ಬೇರೆ ಯಾರಿಗೂ ಕೇಳದ ಹಾಗೆ, ಕೈಯಲ್ಲಿದ್ದ ಬೆತ್ತದ ಕೆಸರು ಒರೆಸುತ್ತಾ, ಹೇಳಿದ.

“ನಮ್ಮಪ್ಪನ ಹತ್ರನೂ ಇತ್ತು ಚಿಕ್ಕಪ್ಪಾ, ಹಿಂಗೊಂದು.”

ಅಷ್ಟೇ ಹೇಳಿ ಅವನು ಬೆತ್ತ ಒರೆಸುವುದನ್ನು ಮುಂದುವರಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅಂದರೆ ಗೊತ್ತಿತ್ತು. ಏಳರ ವಯಸ್ಸಿನಿಂದ ನಲವತ್ತೊಂಬತ್ತರವರೆಗೆ ಗೊತ್ತಿತ್ತು. ಪ್ರತಿ ಪುತ್ತರಿಗೂ ಬಂದು, ದೂರ ಕೂತು, ಅನ್ನ ಉಂಡು ಹೋಗುತ್ತಿದ್ದದ್ದು ಗೊತ್ತಿದ್ದುಕೊಂಡೇ. ಇವತ್ತು ಆ ಒಂದು ಮಾತು ಆಡಿದ, ಅದು ಕೋಲಲ್ಲ ಎಂದು. ಅವತ್ತು ಕಾಸರಕದಡಿ ಯಾರಾದರೂ ಆಡಬೇಕಿದ್ದ ಮಾತು ಅದು. ಆಡಬೇಕಿದ್ದವನು ಇವನಲ್ಲ, ನಾನು. ನಾಚಿಕೆ ಕಾಲಿನ ನೋವಿಗಿಂತ ಜೋರಾಗಿ ಮೈಯಲ್ಲೆಲ್ಲ ಹರಿಯಿತು. ಮುಂದೆ ಕಾಸರಕದ ಮರ ಐವತ್ತು ಹೆಜ್ಜೆಯಲ್ಲಿತ್ತು. ರಾಜನ್ ತುಡಿಯ ಮೇಲೆ ಕೈಯಿಟ್ಟು ಕಾಯುತ್ತಿದ್ದ.

“ನಡೀರಿ ಅರಸೇ,” ಎಂದು ಯಾರೋ ಕೂಗಿದರು.

ಚಾತನ್ ಕೋಲನ್ನು ಎದೆಯ ಮಟ್ಟಕ್ಕೆ ಎತ್ತಿದ. ಎಲ್ಲರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡಿದ. ಈ ಸಲ ಎಲ್ಲರೂ ನೋಡುತ್ತಿರಬೇಕೆಂದೇ ನೋಡಿದ. ಆಮೇಲೆ ನಿಧಾನವಾಗಿ ಅದನ್ನು ಇಳಿಸಿ, ಮೇಣದ ತುದಿಯನ್ನು ಬದುವಿನ ಮಣ್ಣಿಗೆ ಊರಿ, ಎರಡು ಕೈಯನ್ನೂ ಅದರ ಮೇಲಿಟ್ಟು, ಇಡೀ ಭಾರ ಬಿಟ್ಟ. ಕೋಲು ಸ್ವಲ್ಪ ಬಾಗಿತು, ಮುರಿಯಲಿಲ್ಲ.

“ಅಪ್ಪಾ!” ಎಂದ ಸಜೀವನ್.

“ಬೊಮ್ಮಾ, ಕಂಡೆಯಾ?”

ಬೊಮ್ಮನ್ ತಲೆ ತಗ್ಗಿಸಿದ.

“ಕಂಡೆಯಾ ಅಂತ ಕೇಳಿದೆ. ಕಂಡಿದ್ರೆ ಹೇಳು ಎಲ್ಲರಿಗೂ.”

ಬೊಮ್ಮನ್ ಬಾಯಿ ತೆರೆಯಲಿಲ್ಲ. ಅವನಪ್ಪನೂ ಹೀಗೇ ನಿಂತಿದ್ದ, ಇದೇ ಭುಜ ಇಳಿಬಿಟ್ಟುಕೊಂಡು. ಇವರ ವಂಶಕ್ಕೇ ಬಾಯಿಲ್ಲ ಎಂದು ಚಾತನಿಗೆ ಒಂದು ಕ್ಷಣ ಹಳೆಯ ಸಿಟ್ಟೇ ಬಂತು. ಯಾವ ಅರಸೂ ತನ್ನ ಬಾಯಿಂದ ತಾನೇ ಹೇಳಿದ್ದನ್ನು ಕೇಳಿದವರಿರಲಿಲ್ಲ, ಹಾಗೆ ಹೇಳಬಹುದೇ ಎಂಬುದೂ ಯಾರಿಗೂ ಗೊತ್ತಿರಲಿಲ್ಲ. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ಕುಳ್ಳಣ್ಣನ ಕೈಲಿ ಅವತ್ತು ಕೋಲು ನೆಲ ಕಂಡಿರಲಿಲ್ಲೆ,” ಎಂದ. ಧ್ವನಿ ಅಷ್ಟು ದೂರ ಹೋದೀತೆಂದು ಅವನೇ ಎಣಿಸಿರಲಿಲ್ಲ. “ಇವತ್ತು ಕಂಡಿತು.”

ತುದಿಯ ಮೇಣಕ್ಕೆ ಮಣ್ಣು ಮೆತ್ತಿಕೊಂಡಿತ್ತು. ಕೋಲನ್ನು ಎತ್ತಿ ಬೊಮ್ಮನ ಕಡೆ ಚಾಚಿದ. ಬೊಮ್ಮನ್ ಒಂದು ಕೈಯಲ್ಲಿ ಕೋಲು ತೆಗೆದುಕೊಂಡು, ಇನ್ನೊಂದು ಕೈಯಲ್ಲಿದ್ದ ಬರಿ ಬೆತ್ತವನ್ನು ಚಿಕ್ಕಪ್ಪನ ಬೆರಳು ಬಿಡಿಸಿ ಅದರೊಳಗೆ ಇಟ್ಟು, ಬೆರಳು ಮುಚ್ಚಿದ.

“ಊರ್ಕಳಿ,” ಎಂದ.

ಚಾತನ್ ಊರಿಕೊಂಡ. ಯಾರ ಕಡೆಯೂ ನೋಡಲಿಲ್ಲ.